ಸಿಪಿಎಲ್ ಹಾಕಿದರೂ ನೀರು ಪಳಪಳ, ಆಕಾಶ ಬಿಳಿ: ದೋಷ ಎಲ್ಲಿ ಉಂಟು?

ಮೊನ್ನೆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಮಲ್ಪೆಯಿಂದ ಗೆಳೆಯನ ಫೋನ್. "ಎಂಥ ಮಾರಾಯ ಇದು, ಎರಡೂವರೆ ಸಾವಿರ ಕೊಟ್ಟು ತಂದ ಫಿಲ್ಟರ್, ಎಷ್ಟು ತಿರುಗಿಸಿದ್ರೂ ಆಕಾಶ ಹಾಗೇ ಉಂಟು. ಡಬ್ಬಾ ಪೀಸ್. ವಾಪಸ್ ಕೊಡುವುದೇ." ನಾನು ಕೇಳಿದ್ದು ಒಂದೇ ಪ್ರಶ್ನೆ. "ಬಿಸಿಲು ಎಲ್ಲಿಗೆ ತಾಗ್ತಾ ಉಂಟು?" "ಬೆನ್ನಿಗೆ." "ಹಾಗಾದ್ರೆ ಬಲಕ್ಕೆ ತಿರುಗಿ ಉತ್ತರಕ್ಕೆ, ಹೂಡೆ ಕಡೆ ನೋಡು, ಆಮೇಲೆ ರಿಂಗ್ ತಿರುಗಿಸು." ಸ್ವಲ್ಪ ಹೊತ್ತು ಮಾತಿಲ್ಲ, ಗಾಳಿ ಮತ್ತು ಅಲೆಯ ಸದ್ದು ಮಾತ್ರ. ಆಮೇಲೆ "ಓ!" ಅಂದ.

ಆ 'ಓ' ಎಲ್ಲರ ಬಾಯಿಂದಲೂ ಬರಲಿ ಅಂತ ಇಷ್ಟು ಬರೆಯುತ್ತಿದ್ದೇನೆ. ಸಿಪಿಎಲ್ ಅಂದರೆ ಸರ್ಕ್ಯುಲರ್ ಪೋಲರೈಸರ್, ಲೆನ್ಸಿನ ಮುಂದೆ ಹಾಕಿ ರಿಂಗ್ ತಿರುಗಿಸಿ ನೀರಿನ ಹೊಳಪು ತಗ್ಗಿಸುವ, ಆಕಾಶದ ನೀಲಿ ಏರಿಸುವ ಫಿಲ್ಟರ್. ಗೆಳೆಯ ತಂದದ್ದೂ ಅದೇ. ಸಿಪಿಎಲ್ ಕೆಲಸ ಮಾಡುತ್ತಿಲ್ಲ ಅನ್ನುವ ದೂರಿನಲ್ಲಿ ಹೆಚ್ಚಿನ ಸಲ ಗಾಜಿಗೆ ಏನೂ ಆಗಿರುವುದಿಲ್ಲ. ನಾವು ನಿಂತ ದಿಕ್ಕು ಸರಿ ಇರುವುದಿಲ್ಲ. ನಮ್ಮ ಕರಾವಳಿಯಲ್ಲಂತೂ ಇದು ಜಾಸ್ತಿ. ಆದರೂ ಕೆಲವೊಮ್ಮೆ ಫಿಲ್ಟರೇ ಕೆಟ್ಟಿರುತ್ತದೆ, ಹಾಗಾಗಿ ಮೊದಲು ಆ ಅನುಮಾನ ಮುಗಿಸಿಬಿಡೋಣ. ಮನೆಯಲ್ಲೇ ಎರಡು ನಿಮಿಷದ ಕೆಲಸ.

ಮೊದಲು ಫಿಲ್ಟರ್‌ಗೆ ಜೀವ ಉಂಟಾ ನೋಡಿ

ಲ್ಯಾಪ್‌ಟಾಪ್ ತೆರೆದು ಪರದೆಯ ಮೇಲೆ ಬಿಳಿ ಪುಟ ಇಟ್ಟುಕೊಳ್ಳಿ. ಫಿಲ್ಟರನ್ನು ಕೈಯಲ್ಲಿ ಹಿಡಿದು, ಲೆನ್ಸಿಗೆ ಹಾಕುವ ತಿರುಪಿನ ಗೆರೆ ಇರುವ ಬದಿ ನಿಮ್ಮ ಕಣ್ಣಿಗೆ, ಎದುರಿನ ಬದಿ ಪರದೆಗೆ ಬರುವ ಹಾಗೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿ. ನಿಧಾನ ತಿರುಗಿಸಿ. ಒಂದು ಕಡೆ ಬಂದಾಗ ಪರದೆ ಕಪ್ಪಾಗಬೇಕು, ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಮತ್ತೆ ಬೆಳಕಾಗಬೇಕು. ಕಪ್ಪು ಅಂದರೆ ಒಳ್ಳೇ ಕಪ್ಪು, ಹೆಚ್ಚೆಂದರೆ ಸ್ವಲ್ಪ ನೇರಳೆ ಛಾಯೆ. ಮಬ್ಬು ಬೂದಿಯಲ್ಲೇ ನಿಂತರೆ ಒಳಗಿನ ಫಿಲ್ಮ್ ಸೋತಿದೆ ಅಂತ ಅರ್ಥ.

ಈಗ ಫಿಲ್ಟರನ್ನು ಮಗುಚಿ ಹಿಡಿದು ಅದೇ ಆಟ ಆಡಿ. ಈ ಸಲ ಕಪ್ಪಾಗಬಾರದು. ಸ್ವಲ್ಪ ಹಳದಿ, ಸ್ವಲ್ಪ ನೀಲಿ ಅಂತ ಬಣ್ಣ ಬದಲಾಗಬಹುದು, ಅಷ್ಟೇ. ಕಾರಣ ಸುಲಭ. ಸಿಪಿಎಲ್ ಅಂದರೆ ಎರಡು ಪದರ. ಮುಂದಿನದು ಬೆಳಕನ್ನು ಸೋಸಿ ಒಂದೇ ದಿಕ್ಕಿನಲ್ಲಿ ಕಂಪಿಸುವುದನ್ನು (ಅದೇ ಪೋಲರೈಸ್ಡ್ ಬೆಳಕು) ಮಾತ್ರ ಬಿಡುತ್ತದೆ, ಹಿಂದಿನದು ಸೋಸಿದ ಬೆಳಕನ್ನು ಸುರುಳಿ ಸುತ್ತಿಸಿ ಕ್ಯಾಮೆರಾಕ್ಕೆ ಕೊಡುತ್ತದೆ. ಮಗುಚಿದಾಗ ಸುರುಳಿ ಮೊದಲು, ಸೋಸುವುದು ಆಮೇಲೆ, ಹಾಗಾಗಿ ಆಟ ನಡೆಯುವುದಿಲ್ಲ. ಎರಡೂ ಬದಿಯಲ್ಲಿ ಕಪ್ಪಾದರೆ ನಿಮ್ಮ ಹತ್ತಿರ ಇರುವುದು ಹಳೇ ಕಾಲದ ಲೀನಿಯರ್ ಪೋಲರೈಸರ್. ರಿಂಗಿನ ಮೇಲೆ ಬರೀ ಪಿಎಲ್ ಅಂತ ಇರುತ್ತದೆ, ಮುಂದೆ 'ಸಿ' ಇರುವುದಿಲ್ಲ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಮಾತ್ರ ಒಳಗಿನ ಕನ್ನಡಿಗೆ ಲೆಕ್ಕ ತಪ್ಪಿ ಫೋಕಸ್ ತಡಕಾಡುವುದು, ಎಕ್ಸ್‌ಪೋಷರ್ ಏರುಪೇರಾಗುವುದು ಉಂಟು. ಫೋಕಸ್ ಸುಮ್ನೆ ಹಿಂದೆ ಮುಂದೆ ಓಡ್ತಾ ಇದ್ದರೆ ಮೊದಲು ಇದನ್ನು ನೋಡಿ.

ಈ ಪರೀಕ್ಷೆಗೆ ಮೊಬೈಲ್ ಬಳಸಬೇಡಿ. ಕೆಲವು ಫೋನಿನ ಪರದೆಯ ಮೇಲೆ ಬೇರೆ ಪದರ ಇರುತ್ತದೆ, ಉತ್ತರ ತಪ್ಪು ಬರಬಹುದು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಅಂಗಡಿಯ ಕ್ಯಾಲ್ಕುಲೇಟರ್ ಸಾಕು.

ಇಷ್ಟೆಲ್ಲ ಗೊತ್ತಾದದ್ದು ನನ್ನದೇ ದಡ್ಡತನದಿಂದ. ಒಂದು ಮಳೆಗಾಲದಲ್ಲಿ ಫಿಲ್ಟರ್ ಅಂಚಿನಲ್ಲಿ ಫಂಗಸ್ ಬಂದಿತ್ತು. ಒರೆಸುವ ಅಂತ ಒಳಗಿನ ಲಾಕ್ ರಿಂಗ್ ಬಿಚ್ಚಿ ಗಾಜು ಹೊರಗೆ ತೆಗೆದೆ, ಒರೆಸಿದೆ, ವಾಪಸ್ ಹಾಕಿದೆ. ಉಲ್ಟಾ ಹಾಕಿದ್ದೆ. ಆಮೇಲೆ ಮೂರು ವಾರ ಸೋಮೇಶ್ವರ, ತಣ್ಣೀರುಬಾವಿ ಎಲ್ಲ ಸುತ್ತಿ ಫೋಟೋ ತೆಗೆದೆ, ಒಂದರಲ್ಲೂ ಪರಿಣಾಮ ಇಲ್ಲ. ಕ್ಯಾಮೆರಾಕ್ಕೆ ಬೈದೆ, ಮೋಡಕ್ಕೆ ಬೈದೆ. ಕೊನೆಗೆ ಒಂದು ರಾತ್ರಿ ಫಿಲ್ಟರ್ ಕೈಯಲ್ಲಿಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಪರದೆ ತಪ್ಪು ಬದಿಯಿಂದ ಕಪ್ಪಾದದ್ದು ಕಣ್ಣಿಗೆ ಬಿತ್ತು. ಲಾಕ್ ರಿಂಗ್ ಬಿಚ್ಚಲೇಬೇಕಾದರೆ ಮೊದಲು ಗಾಜಿನ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಬಿಚ್ಚದಿದ್ದರೆ ಇನ್ನೂ ಒಳ್ಳೇದು.

ಆಕಾಶಕ್ಕೆ ನೀಲಿ ಏರುತ್ತಿಲ್ಲ

ಪರೀಕ್ಷೆಯಲ್ಲಿ ಫಿಲ್ಟರ್ ಪಾಸಾಯಿತು, ಆದರೂ ಆಕಾಶ ಬಿಳಿ. ಇಲ್ಲಿ ನೋಡಬೇಕಾದದ್ದು ಸೂರ್ಯ ಎಲ್ಲಿ ಅಂತ. ಫಿಲ್ಟರ್ ಪರಿಣಾಮ ಜಾಸ್ತಿ ಸಿಗುವುದು ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿರುವ ಆಕಾಶದಲ್ಲಿ. ಸೂರ್ಯನ ಎದುರು ನೋಡಿದರೂ ಇಲ್ಲ, ಸೂರ್ಯನಿಗೆ ಬೆನ್ನು ಹಾಕಿದರೂ ಇಲ್ಲ.

ಕೈಯಲ್ಲೇ ಅಳೆಯಬಹುದು. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ನೇರ ಎತ್ತಿ. ತೋರುಬೆರಳು ಅಲ್ಲೇ ಇರಲಿ, ಬೀಗದಲ್ಲಿ ಕೀ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಅಲ್ಲೆಲ್ಲ ಫಿಲ್ಟರ್ ಕೆಲಸ ಮಾಡುತ್ತದೆ.

ಈಗ ಇದನ್ನು ನಮ್ಮೂರಿಗೆ ಹಚ್ಚಿ ನೋಡಿ. ನಮಗೆ ಸಮುದ್ರ ಇರುವುದು ಪಶ್ಚಿಮಕ್ಕೆ. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಬರುತ್ತಾನೆ, ಸಮುದ್ರ ನೋಡಿದರೆ ಬಿಸಿಲು ಬೆನ್ನಿಗೆ. ಸಂಜೆ ಸೂರ್ಯ ಸಮುದ್ರದ ಮೇಲೇ ಇರುತ್ತಾನೆ, ಬಿಸಿಲು ಮುಖಕ್ಕೆ. ಅಂದರೆ ನಾವು ಪಣಂಬೂರು, ಮಲ್ಪೆ, ಕಾಪು ಅಂತ ಬೀಚಿಗೆ ಹೋಗುವ ಎರಡೂ ಹೊತ್ತಿನಲ್ಲಿ, ನಾವು ನೋಡುವ ಅದೇ ದಿಕ್ಕಿನಲ್ಲಿ, ಸಿಪಿಎಲ್ ಆಕಾಶಕ್ಕೆ ಏನೂ ಮಾಡಲಾರದು. ಪೂರ್ವಕ್ಕೆ ಸಮುದ್ರ ಇರುವ ಊರಿನವರಿಗೂ ಇದೇ ಕಥೆ, ಹೊತ್ತು ಮಾತ್ರ ಉಲ್ಟಾ. ನಾವು ಮಾಡಬೇಕಾದದ್ದು ದಡದ ಉದ್ದಕ್ಕೆ ನೋಡುವುದು. ಕಾಪು ದೀಪಸ್ತಂಭವನ್ನು ಎಲ್ಲರೂ ಸಮುದ್ರ ಹಿಂದೆ ಬರುವ ಹಾಗೆ ಪಶ್ಚಿಮಕ್ಕೆ ಮುಖ ಮಾಡಿ ತೆಗೆಯುತ್ತಾರೆ. ಸಂಜೆ ನಾಲ್ಕೂವರೆಗೆ ಮರಳಿನ ಮೇಲೆ ದಕ್ಷಿಣಕ್ಕೆ ನಡೆದು, ತಿರುಗಿ ಉತ್ತರಕ್ಕೆ ನೋಡಿ ತೆಗೆಯಿರಿ. 1901ರ ಆ ಗೋಪುರ ಕಡುನೀಲಿ ಆಕಾಶದಲ್ಲಿ ಎದ್ದು ನಿಲ್ಲುತ್ತದೆ.

ಪಶ್ಚಿಮದ ಆಕಾಶವೇ ಬೇಕು ಅನ್ನುವವರಿಗೂ ಒಂದು ಹೊತ್ತು ಉಂಟು, ಮಧ್ಯಾಹ್ನ ಹನ್ನೆರಡೂವರೆ ಆಸುಪಾಸು. ಗಡಿಯಾರದಲ್ಲಿ ಹನ್ನೆರಡಾದರೂ ಮಂಗಳೂರು ಉಡುಪಿಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು ಅರ್ಧ ಗಂಟೆ ತಡವಾಗಿ, ಯಾಕೆಂದರೆ ದೇಶದ ಗಡಿಯಾರಕ್ಕೆ ಆಧಾರವಾದ ರೇಖಾಂಶಕ್ಕಿಂತ ನಾವು ಬಹಳ ಪಶ್ಚಿಮದಲ್ಲಿ ಇದ್ದೇವೆ. ಆ ಹೊತ್ತಿಗೆ ಸೂರ್ಯ ನೆತ್ತಿಯಲ್ಲಿ ಅಥವಾ ಸ್ವಲ್ಪ ಉತ್ತರಕ್ಕೋ ದಕ್ಷಿಣಕ್ಕೋ ಇರುತ್ತಾನೆ, ಪಶ್ಚಿಮದ ಅಂಚು ಅವನಿಗೆ ಸರಿಯಾಗಿ 90 ಡಿಗ್ರಿಗೆ ಬೀಳುತ್ತದೆ, ಅದೂ ವರ್ಷವಿಡೀ. ಎಲ್ಲರೂ ಊಟಕ್ಕೆ ಕೂತಿರುವ ಹೊತ್ತು! ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳ ಹಾಗೆ ನಿಂತ ಆ ಬಂಡೆ, ಅದರ ಹಿಂದೆ ಹಸಿರು ನೀಲಿ ನೀರು ಅಂತ ನೀವು ನೋಡುವ ಚಿತ್ರಗಳಿಗೆ ಸುಡುಬಿಸಿಲಿನ ಈ ಹೊತ್ತೇ ಹೊಂದುತ್ತದೆ.

ದಿಕ್ಕು ಸರಿ ಇದ್ದೂ ನೀಲಿ ಪೂರ್ತಿ ಏರದಿದ್ದರೆ ಗಾಳಿಯಲ್ಲಿ ತೇವದ ಮಬ್ಬು ಉಂಟು ಅಂತ ಲೆಕ್ಕ. ಮಬ್ಬಿನಲ್ಲಿ ಬೆಳಕು ಹಲವು ಸಲ ಚದುರಿ ಬರುವಾಗ ಫಿಲ್ಟರಿಗೆ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ. ಏಪ್ರಿಲ್ ಮೇ ತಿಂಗಳ ಬಿಳಿ ಆಕಾಶಕ್ಕೆ ಸಿಪಿಎಲ್ ಹಾಕಿ ಬೇಜಾರು ಮಾಡಿಕೊಳ್ಳಬೇಡಿ. ಮಳೆ ಬಿಟ್ಟ ಮರುದಿನ ತೆಗೆದು ನೋಡಿ, ಅದೇ ಫಿಲ್ಟರ್ ಬೇರೆಯದೇ ಥರ ಕಾಣುತ್ತದೆ. ಮೋಡ ಮುಚ್ಚಿದ ಬೂದು ಆಕಾಶಕ್ಕಂತೂ ಯಾವ ಫಿಲ್ಟರೂ ನೀಲಿ ಕೊಡುವುದಿಲ್ಲ.

ನೀರಿನ ಮೇಲಿನ ಹೊಳಪು ಹೋಗುತ್ತಿಲ್ಲ

ಇದು ಬೇರೆ ಲೆಕ್ಕ. ಇಲ್ಲಿ ಮುಖ್ಯವಾದದ್ದು ನೀವು ನೀರನ್ನು ಎಷ್ಟು ಓರೆಯಾಗಿ ನೋಡುತ್ತೀರಿ ಅನ್ನುವುದು.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳನ್ನು ನೋಡಿದ್ದೀರಾ? ಮಹಶೀರ್ ಜಾತಿಯವು, ಯಾರೂ ಹಿಡಿಯುವುದಿಲ್ಲ, ಮೆಟ್ಟಿಲ ಹತ್ತಿರವೇ ಗುಂಪು ಗುಂಪಾಗಿ ಬರುತ್ತವೆ. ಮೊದಲ ಸಲ ಹೋದಾಗ ಮೆಟ್ಟಿಲಿನ ಮೇಲುಗಡೆ ನಿಂತು ಹೊಳೆಯ ಆಚೆ ಬದಿಗೆ ಗುರಿ ಇಟ್ಟೆ. ರಿಂಗ್ ಎಷ್ಟು ತಿರುಗಿಸಿದರೂ ನೀರಿನ ಮೇಲೆ ಬಿಳಿ ತಗಡು ಹಾಸಿದ ಹಾಗೆ. ಸರಿ, ಹತ್ತಿರ ಹೋಗುವ ಅಂತ ಕೊನೇ ಮೆಟ್ಟಿಲಿಗೆ ಇಳಿದು, ಬಗ್ಗಿ, ಕ್ಯಾಮೆರಾ ನೇರ ಕೆಳಗೆ ಹಿಡಿದೆ. ಈಗ ನನ್ನದೇ ತಲೆ, ತಲೆಯ ಹಿಂದೆ ಮರದ ಕೊಂಬೆ, ಕೊಂಬೆಯ ಹಿಂದೆ ಆಕಾಶ. ಮೀನು ಕಣ್ಣಿಗೆ ಕಾಣುತ್ತಿದೆ, ಫೋಟೋದಲ್ಲಿ ಇಲ್ಲ. ಬೇಜಾರಾಗಿ ಎರಡು ಮೆಟ್ಟಿಲು ಹಿಂದೆ ಸರಿದು ನಿಂತೆ, ಕ್ಯಾಮೆರಾ ಸುಮ್ನೆ ಮುಂದಕ್ಕೆ ಓರೆಯಾಗಿತ್ತು, ಬೆರಳು ರಿಂಗಿನ ಮೇಲೆ ಅಭ್ಯಾಸಕ್ಕೆ ತಿರುಗುತ್ತಿತ್ತು. ಪರದೆ ಸರಿಸಿದ ಹಾಗೆ ಬಿಳಿ ಹೋಯಿತು. ಮೀನಿನ ಬೆನ್ನು, ಬೆನ್ನಿನ ಮೇಲೆ ಒಂದೊಂದೂ ದೊಡ್ಡ ಹುರುಪೆ, ಕೆಳಗೆ ಕಲ್ಲಿನ ಮೇಲಿನ ಪಾಚಿ, ಎಲ್ಲ ಕಂಡಿತು. ಇನ್ನೂ ಸ್ವಲ್ಪ ತಿರುಗಿಸಿದೆ, ಬಿಳಿ ವಾಪಸ್ ಬಂತು.

ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅಲ್ಲಿಂದ ಹೊಡೆಯುವ ಹೊಳಪು ಪೂರ್ತಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅದನ್ನು ಸಿಪಿಎಲ್ ಪೂರ್ತಿ ತಡೆಯಬಲ್ಲದು. ನೇರ ಕೆಳಗೆ ನೋಡಿದರೆ ಈ ಗುಣ ಸೊನ್ನೆ. ತೀರಾ ಚಪ್ಪಟೆಯಾಗಿ ದೂರಕ್ಕೆ ನೋಡಿದರೂ ಕಡಿಮೆ. ಡಿಗ್ರಿ ಲೆಕ್ಕ ಬೇಡ ಅನ್ನುವವರಿಗೆ ಬೇರೆ ಲೆಕ್ಕ: ನೀರಿನಿಂದ ಕ್ಯಾಮೆರಾ ಎಷ್ಟು ಎತ್ತರ ಉಂಟೋ ಅದರ ಒಂದೂ ಕಾಲು ಪಟ್ಟಿಗಿಂತ ತುಸು ಜಾಸ್ತಿ ದೂರಕ್ಕೆ ಗುರಿ ಇಡಿ. ನೀರಂಚಿನಲ್ಲಿ ನಿಂತು ಕಣ್ಣೆತ್ತರದಲ್ಲಿ ಹಿಡಿದರೆ ಸುಮಾರು ಎರಡು ಮೀಟರ್ ಮುಂದೆ. ಕೂತರೆ ಸುಮಾರು ಒಂದು ಮೀಟರ್. ಆರು ಮೀಟರ್ ಎತ್ತರದ ಸೇತುವೆ ಆದರೆ ಎಂಟು ಮೀಟರ್ ಆಚೆ. ನೇತ್ರಾವತಿ ಸೇತುವೆಯಿಂದ ದೂರದ ಅಳಿವೆಯ ಹೊಳಪು ಹೋಗಲಿಲ್ಲ ಅಂತ ಗೊಣಗಿದರೆ ಫಿಲ್ಟರ್ ಏನು ಮಾಡೀತು?

ಅಂದ ಹಾಗೆ 1921ರಲ್ಲಿ ಸಿ.ವಿ. ರಾಮನ್ ಯುರೋಪಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಮಾಡಿದ್ದೂ ಇದೇ ಕೆಲಸ. ಅವರ ಕೈಯಲ್ಲಿದ್ದದ್ದು ನಿಕೋಲ್ ಪ್ರಿಸಂ, ಅದೂ ಒಂದು ಪೋಲರೈಸರೇ. ಇದೇ ಓರೆಯಲ್ಲಿ ಮೇಲ್ಮೈಯ ಹೊಳಪನ್ನು ತಡೆದು ನೋಡಿದರೆ ಸಮುದ್ರದ ನೀಲಿ ಹೋಗುವ ಬದಲು ಇನ್ನೂ ಗಾಢವಾಯಿತು. ನೀರಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಅಲ್ಲ, ನೀರಿನೊಳಗಿಂದಲೇ ಬರುತ್ತದೆ ಅಂತ ಅವರು ವಾದಿಸಿದರು. ನೀವು ರಿಂಗ್ ತಿರುಗಿಸುವಾಗ ನೀರು ಕಡುವಾಗುವುದೂ ಅದೇ ಕಾರಣಕ್ಕೆ.

ಸಂಜೆಯ ಸಮುದ್ರದ ಮೇಲಿನ ಬಿಸಿಲ ಕೋಲಿಗೂ ಇದೇ 37 ಡಿಗ್ರಿ ಅನ್ವಯ. ಸೂರ್ಯ ಅಷ್ಟು ಎತ್ತರದಲ್ಲಿ ಇರುವುದು ನಮ್ಮಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕೂ ಕಾಲರ ಒಳಗೆ, ಡಿಸೆಂಬರಿನಲ್ಲಿ ಬೇಗ, ಜೂನಿನಲ್ಲಿ ತಡ. ಆಗ ಕಣ್ಣು ಕುಕ್ಕುವ ಝಗಮಗ ಚೆನ್ನಾಗಿ ತಗ್ಗುತ್ತದೆ. ಆರು ಗಂಟೆಗೆ ಸೂರ್ಯ ಕೆಳಗಿಳಿದ ಮೇಲೆ ತಗ್ಗುವುದಿಲ್ಲ. ಆ ಹೊತ್ತಿಗೆ ತಗ್ಗಿಸುವುದೂ ಬೇಡ. ಸೂರ್ಯಾಸ್ತಕ್ಕೆ ಸಿಪಿಎಲ್ ಬಿಚ್ಚಿ ಜೇಬಿಗೆ ಹಾಕಿ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನಲ್ಲಿ ಕಾಣುವ ಕೆಂಪು ಆಕಾಶವನ್ನೂ ಅದು ತಿಂದು ಹಾಕುತ್ತದೆ.

ಇನ್ನೂ ಮೂರು ಸಣ್ಣ ವಿಷಯ. ಜುಲೈ ತಿಂಗಳ ಕೆಂಪು ಹೊಳೆಯಲ್ಲಿ ಹೊಳಪು ತೆಗೆದರೆ ಕಾಣುವುದು ಕೆಸರು ಮಾತ್ರ. ನೀರು ತಿಳಿಯಾಗಬೇಕಾದರೆ ಡಿಸೆಂಬರ್ ಬರಬೇಕು. ಬೋಟಿನ ಪೈಂಟಿನ ಹೊಳಪು ಹೋಗುತ್ತದೆ, ಸ್ಟೀಲ್ ಕೊಡಪಾನ ಅಥವಾ ಹಿತ್ತಾಳೆ ದೀಪದ್ದು ಹೋಗುವುದಿಲ್ಲ, ಲೋಹದ ಹೊಳಪಿಗೆ ಈ ಫಿಲ್ಟರ್ ಲಾಯಕ್ಕಿಲ್ಲ. ಮತ್ತೆ, ಆಕಾಶ ಕಡುವಾಗುವ ರಿಂಗಿನ ಜಾಗ ಮತ್ತು ನೀರಿನ ಹೊಳಪು ಹೋಗುವ ಜಾಗ ಎರಡೂ ಒಂದೇ ಆಗಿರಬೇಕು ಅಂತ ಇಲ್ಲ. ಬೆಳಿಗ್ಗೆ ಸಂಜೆ ದಡದ ಉದ್ದಕ್ಕೆ ನೋಡುವಾಗ ಒಂದು ಸಿಕ್ಕಿದರೆ ಇನ್ನೊಂದು ತಪ್ಪುತ್ತದೆ. ಯಾವುದು ಬೇಕು ನೀವೇ ತೀರ್ಮಾನ ಮಾಡಿ, ನಾನಂತೂ ನೀರನ್ನು ಆರಿಸುತ್ತೇನೆ.

ಅರ್ಧ ಆಕಾಶ ಕಡುನೀಲಿ, ಅರ್ಧ ತಿಳಿ

ವೈಡ್ ಲೆನ್ಸ್ ಹಾಕಿದ್ದೀರಿ. 24 ಎಂಎಂಗಿಂತ ಅಗಲದ ಲೆನ್ಸ್ ಆಕಾಶದ ಎಷ್ಟು ಭಾಗ ಹಿಡಿಯುತ್ತದೆ ಅಂದರೆ, 90 ಡಿಗ್ರಿಯ ಪಟ್ಟಿಯೂ ಅದರ ಆಚೀಚೆಯೂ ಒಂದೇ ಫೋಟೋದಲ್ಲಿ ಬರುತ್ತದೆ. ಮರವಂತೆಯಲ್ಲಿ ಹೆದ್ದಾರಿ ಮೇಲೆ ನಿಂತು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಎರಡೂ ಒಂದೇ ಚಿತ್ರದಲ್ಲಿ ಬೇಕು ಅಂತ ಆಸೆಪಟ್ಟವರಿಗೆಲ್ಲ ಈ ಕಪ್ಪು ಪಟ್ಟೆ ಸಿಕ್ಕಿರುತ್ತದೆ. ಲೆನ್ಸ್ ಸ್ವಲ್ಪ ಒಳಗೆ ಝೂಮ್ ಮಾಡಿ, ಇಲ್ಲಾ ಪರಿಣಾಮ ಅರ್ಧಕ್ಕೆ ಇಳಿಸಿ. ಪನೋರಮಾ ಹೊಲಿಯುವುದಾದರೆ ಫಿಲ್ಟರ್ ಬಿಚ್ಚಿಯೇ ತೆಗೆಯಿರಿ. ನಾಲ್ಕೂ ಮೂಲೆ ಕಪ್ಪಾಗಿದ್ದರೆ ಅದು ಬೇರೆ ರೋಗ: ಲೆನ್ಸಿನ ರಕ್ಷಣೆಗೆ ಅಂತ ಹಾಕುವ ಯುವಿ ಫಿಲ್ಟರ್ ಮೇಲೆ ಸಿಪಿಎಲ್ ಹಾಕಿದ್ದೀರಿ. ಯುವಿ ತೆಗೆಯಿರಿ.

ಒಮ್ಮೆ ಸರಿ ಇರುತ್ತದೆ, ಮರುಕ್ಷಣ ಹೋಗುತ್ತದೆ

ಕ್ಯಾಮೆರಾ ಜೊತೆಗೇ ಬಂದ ಹಳೇ ಕಿಟ್ ಲೆನ್ಸ್ ಇದ್ದವರು ಇದನ್ನು ಓದಿ. ಕೆಲವು ಹಳೇ 18-55 ಲೆನ್ಸ್‌ಗಳಲ್ಲಿ ಫೋಕಸ್ ಆಗುವಾಗ ಮುಂದಿನ ತುದಿಯೇ ತಿರುಗುತ್ತದೆ, ಅದರ ಜೊತೆ ನಿಮ್ಮ ಫಿಲ್ಟರೂ ತಿರುಗುತ್ತದೆ. ಮೊದಲು ಫೋಕಸ್ ಮಾಡಿ, ಆಮೇಲೆ ರಿಂಗ್ ತಿರುಗಿಸಿ, ಆಮೇಲೆ ಕ್ಲಿಕ್. ಲೆನ್ಸ್ ಹೊಸದಾದರೂ ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ತಿರುಗಿಸಿದಾಗ ಫಿಲ್ಟರ್ ಕಾಲು ಸುತ್ತು ತಿರುಗಿದ ಹಾಗೇ ಆಯಿತಲ್ವಾ? ಪ್ರತಿ ಸಲ ಹೊಸದಾಗಿ ನೋಡಬೇಕು.

ಇದರ ತಮ್ಮ ಇನ್ನೊಂದು ಉಂಟು. ಸೇಂಟ್ ಮೇರೀಸ್‌ಗೆ ಹೋಗುವ ಬೋಟಿನಲ್ಲಿ ಕ್ಯಾಮೆರಾ ಉದ್ದಕ್ಕೆ ತಿರುಗಿಸಿದ ಕೂಡಲೇ ಪರದೆ ಕಪ್ಪಾಯಿತು. ಬ್ಯಾಟರಿ ತೆಗೆದು ಹಾಕಿದೆ, ಕಾರ್ಡ್ ತೆಗೆದು ಹಾಕಿದೆ. ಅಡ್ಡ ಹಿಡಿದರೆ ಸರಿ, ಉದ್ದ ಹಿಡಿದರೆ ಕಪ್ಪು. ಪಕ್ಕದಲ್ಲಿ ಕೂತ ಹುಡುಗ "ಅಂಕಲ್, ಕ್ಯಾಮೆರಾ ಆನ್ ಉಂಟಲ್ಲ" ಅಂದ. ನಾನು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದ್ದೆ. ಅದೂ ಒಂದು ಫಿಲ್ಟರ್ ಅನ್ನುವುದು ತಲೆಗೆ ಹೋಗಿರಲಿಲ್ಲ.

ಫೋಟೋ ಅಲುಗಾಡಿದೆ, ಕತ್ತಲಾಗಿದೆ

ಸಿಪಿಎಲ್ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ). ಆಟೋದಲ್ಲಿ ಕ್ಯಾಮೆರಾ ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ಅದಕ್ಕಾಗಿ ಶಟರ್ ನಿಧಾನ ಮಾಡುತ್ತದೆ. 1/500 ಸೆಕೆಂಡ್ ಇದ್ದದ್ದು 1/125ಕ್ಕೂ ಇಳಿಯಬಹುದು. ಕಂಬಳದಲ್ಲಿ ಕೋಣ ಓಡುವಾಗ 1/125 ಇಟ್ಟರೆ ಕೋಣವೂ ಇಲ್ಲ, ಓಡಿಸುವವನೂ ಇಲ್ಲ, ಕೆಸರು ನೀರಿನ ಗೆರೆ ಮಾತ್ರ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಿ ಅಥವಾ ಫಿಲ್ಟರ್ ಬಿಚ್ಚಿ. ಕಂಬಳಕ್ಕೆ ನಾನು ಬಿಚ್ಚುತ್ತೇನೆ, ಎರಚುವ ನೀರಿನ ಹೊಳಪೇ ಅಲ್ಲಿಯ ಚಂದ.

ಆದರೆ ಮಳೆಗಾಲದಲ್ಲಿ ಬಿಚ್ಚಬೇಡಿ. ಆಕಾಶ ಬೂದು ಇದ್ದರೆ ಸಿಪಿಎಲ್ ದಂಡ ಅಂತ ಹಲವರು ಮನೆಯಲ್ಲೇ ಇಟ್ಟು ಬರುತ್ತಾರೆ. ಆಕಾಶಕ್ಕೆ ದಂಡವೇ, ಒದ್ದೆ ಎಲೆಗೆ ಅಲ್ಲ. ಅಡಿಕೆ ಸೋಗೆ, ಕೆಸುವಿನ ಎಲೆ, ಗದ್ದೆಯ ನೇಜಿ, ಮುರಕಲ್ಲಿನ ಪಾಗಾರದ ಮೇಲಿನ ಪಾಚಿ, ಇವುಗಳ ಮೇಲೆಲ್ಲ ಮಳೆಗಾಲದಲ್ಲಿ ಒಂದು ಬಿಳಿ ಪೊರೆ ಇರುತ್ತದೆ, ನಮ್ಮ ಕಣ್ಣಿಗೆ ಅಭ್ಯಾಸವಾಗಿ ಗೊತ್ತಾಗುವುದಿಲ್ಲ. ರಿಂಗ್ ತಿರುಗಿಸಿ ಆ ಪೊರೆ ತೆಗೆದು ನೋಡಿ, ಹಸಿರು ಎಷ್ಟು ಆಳ ಉಂಟು ಅಂತ. ಕಾಮನಬಿಲ್ಲು ಬಂದರೆ ಮಾತ್ರ ಹುಷಾರು. ಅದರ ಬೆಳಕೂ ಪೋಲರೈಸ್ಡ್, ಒಂದು ಕಡೆ ತಿರುಗಿಸಿದರೆ ಕಡುವಾಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕಾಣೆಯಾಗುತ್ತದೆ.

ಮೊಬೈಲಿಗೆ ಕ್ಲಿಪ್ ಫಿಲ್ಟರ್ ಹಾಕಿದರೂ ಏನೂ ಇಲ್ಲ

ಫೋನಿನಲ್ಲಿ ಮೂರು ಕಣ್ಣು, ಕ್ಲಿಪ್ಪು ಮುಚ್ಚುವುದು ಒಂದನ್ನು. ಝೂಮ್ ಮಾಡಿದಾಗ ಅಥವಾ ಹತ್ತಿರ ಹೋದಾಗ ಫೋನ್ ನಿಮಗೆ ಹೇಳದೆ ಬೇರೆ ಕಣ್ಣಿಗೆ ಜಿಗಿಯುತ್ತದೆ. 1ಎಕ್ಸ್‌ನಲ್ಲೇ ಇಡಿ, ಬೆರಳು ಅಡ್ಡ ಹಿಡಿದು ಯಾವ ಕಣ್ಣು ಕೆಲಸ ಮಾಡುತ್ತಿದೆ ಅಂತ ನೋಡಿ. ಕ್ಲಿಪ್ಪಿಗೆ ದುಡ್ಡು ಹಾಕುವ ಮೊದಲು ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನೇ ಲೆನ್ಸಿನ ಮುಂದೆ ಹಿಡಿದು ನೋಡಿ, ಹೊಳಪು ಹೋಗುತ್ತದೆ.

ಚಿತ್ರ ಮಸುಕು, ರಿಂಗ್ ಬಿಗಿ

ಬೀಚಿನಿಂದ ಬಂದ ಫಿಲ್ಟರನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಪ್ಪಿನ ಸಣ್ಣ ಸಣ್ಣ ಚುಕ್ಕೆ ಕಾಣುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ, ಉಪ್ಪು ಮತ್ತು ಮರಳು ಸೇರಿ ಗೀರುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ತುಸು ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ, ಕೊನೆಗೆ ಒಣ ಬಟ್ಟೆ. ರಿಂಗ್ ತಿರುಗುವಾಗ ಕರಕರ ಅಂದರೆ ಮರಳು ಸೇರಿದೆ, ಅದನ್ನೂ ಊದಿ ತೆಗೆಯಿರಿ. ತೆಂಗಿನೆಣ್ಣೆ ಹಾಕಿದವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಅಂಚಿನಲ್ಲಿ ಜೇಡರ ಬಲೆಯ ಹಾಗೆ ಕಂಡರೆ ಫಂಗಸ್, ಪದರಗಳ ನಡುವೆ ಕಾಮನಬಿಲ್ಲಿನ ಬಣ್ಣದ ಗುಳ್ಳೆ ಕಂಡರೆ ಫಿಲ್ಮ್ ಬಿಟ್ಟುಕೊಂಡಿದೆ. ಎರಡನೆಯದಕ್ಕೆ ಮದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಯಾವ ಕಾಲದಲ್ಲೂ ಇಡಬೇಡಿ.

ಲೆನ್ಸಿನಿಂದ ಬಿಚ್ಚಲು ಬರುತ್ತಿಲ್ಲವಾ? ಜೋರಾಗಿ ಅಮುಕಿದಷ್ಟೂ ರಿಂಗ್ ಮೊಟ್ಟೆಯಾಕಾರಕ್ಕೆ ಬಂದು ಇನ್ನೂ ಕಚ್ಚುತ್ತದೆ. ಸಿಪಿಎಲ್‌ನಲ್ಲಿ ಎರಡು ರಿಂಗ್ ಇರುತ್ತದೆ, ಮುಂದಿನದು ಸುಮ್ನೆ ಸುತ್ತುತ್ತದೆ, ಬಿಚ್ಚಬೇಕಾದದ್ದು ಹಿಂದಿನದು. ಆ ಹಿಂದಿನ ತೆಳು ಅಂಚಿಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಬೆರಳ ತುದಿಗಳನ್ನು ಸುತ್ತಲೂ ಸಮನಾಗಿ ಇಟ್ಟು, ಅಮುಕದೆ ತಿರುಗಿಸಿ. ಬರದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ. ನನ್ನದು ಕಾಪುವಿನಲ್ಲಿ ಕಚ್ಚಿಕೊಂಡಾಗ ರಬ್ಬರ್ ಬ್ಯಾಂಡ್ ಸಿಕ್ಕಿದ್ದು ಚುರುಮುರಿ ಅಂಗಡಿಯಲ್ಲಿ. ಒಂದು ಪೊಟ್ಟಣ ಚುರುಮುರಿಯೂ ತಗೊಳ್ಳಬೇಕಾಯಿತು.